ಮಂಚದ ಕೆಳಗಿನ ವಿಮಾನಗಳಿಗೆ ಒಂದು ಲೆಕ್ಕದ ಪುಸ್ತಕ

ಹುಮನಾಬಾದ್ ಕಡೆಯ ನಿರ್ಣಾ ಆಗಲಿ, ಬಸವಕಲ್ಯಾಣದ ಆಸುಪಾಸಿನ ಹಳ್ಳಿಗಳಾಗಲಿ, ಅಲ್ಲಿಯ ಮಕ್ಕಳಿಗೆ ಜೆಟ್ ವಿಮಾನದ ಸದ್ದು ಹೊಸದಲ್ಲ. ಜಿಲ್ಲಾ ಕೇಂದ್ರ ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಆಕಾಶದಲ್ಲಿ ಬಣ್ಣದ ಹೊಗೆ ಬಿಡುತ್ತ ಒಟ್ಟಿಗೆ ಹಾರುವ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಅಲ್ಲಿಯೇ. 2011ರ ತನಕ ಆ ತಂಡ ಹಾರಿಸಿದ್ದು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಕಿರಣ್ ವಿಮಾನಗಳನ್ನು. 2008ರಲ್ಲಿ ಬೀದರಿಗೆ ಹಾಕ್ ತರಬೇತಿ ಜೆಟ್‌ಗಳು ಬಂದವು. ಮುಂದೆ ಸೂರ್ಯಕಿರಣವೂ ಹಾಕ್‌ಗೆ ಬದಲಾಯಿತು. ತೊಗರಿ ಹೊಲದ ಬದುವಿನ ಮೇಲೆ ನಿಂತು ತಲೆ ಎತ್ತಿ ನೋಡುವ ಹುಡುಗ ಅದನ್ನು ಕೈಯಲ್ಲಿ ಹಿಡಿದು ನೋಡಬೇಕೆಂದು ಆಸೆಪಟ್ಟರೆ ತಪ್ಪೇನಿದೆ?

ಆ ಆಸೆ ತೀರಿಸುವುದು ಒಂದು ಕಾಗದದ ಡಬ್ಬಿ. ಒಳಗೆ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ರೆಕ್ಕೆ, ಬಾಲ, ಚಕ್ರ, ಪೈಲಟ್‌ನ ಆಸನ. ಜೊತೆಗೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರಗಳ ಹಾಳೆ, ಅಂದರೆ ಡೆಕಾಲ್. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದರೆ ಅಂಗೈ ಮೇಲೆ ಒಂದು ವಿಮಾನ. ಇದಕ್ಕೆ ಸ್ಕೇಲ್ ಮಾಡೆಲ್ ಕಿಟ್ ಎನ್ನುತ್ತಾರೆ. ಹೈದರಾಬಾದಿನಿಂದ ಮಾವ ತಂದುಕೊಟ್ಟ ಮೊದಲ ಡಬ್ಬಿ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದದ್ದಕ್ಕೆ ಎರಡನೆಯದು, ಕೂಡಿಟ್ಟ ಹಣದಲ್ಲಿ ಮೂರನೆಯದು. ಕಟ್ಟಲು ವಾರಗಟ್ಟಲೆ ಬೇಕು, ಕೊಳ್ಳಲು ಐದು ನಿಮಿಷ ಸಾಕು. ತೊಂದರೆ ಶುರುವಾಗುವುದು ಅಲ್ಲಿಂದಲೇ. "ಮತ್ತೊಂದ್ ಡಬ್ಬಿ ತಂದೀ ಏನಪ್ಪಾ? ಇದ್ದವೇ ಇನ್ನ ಕಟ್ಟಿಲ್ಲ!" ಎಂದು ಅವ್ವ ಕೇಳುವ ಹೊತ್ತಿಗೆ ಮಂಚದ ಕೆಳಗೆ ಎಷ್ಟಿವೆ ಎಂಬುದು ಹುಡುಗನಿಗೂ ಗೊತ್ತಿರುವುದಿಲ್ಲ.

ಈ ಪ್ರಶ್ನೆಯನ್ನು ನಗುತ್ತ ತಳ್ಳಿಹಾಕುವಂತಿಲ್ಲ. ಒಳ್ಳೆಯ ಕಿಟ್‌ಗಳಲ್ಲಿ ಹೆಚ್ಚಿನವು ಹೊರದೇಶದವು. ನಮ್ಮ ದೇಶದಲ್ಲಿ ಆಟಿಕೆಗಳ ಮೇಲಿನ ಮೂಲ ಸೀಮಾ ಸುಂಕವನ್ನು 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. ಸುಂಕದ ಪಟ್ಟಿಯಲ್ಲಿ ಅಳತೆಯ ಮಾದರಿಗಳೂ ಆಟಿಕೆಗಳ ಸಾಲಿನಲ್ಲೇ ಬರುತ್ತವೆ. ಇಂಥ ವಸ್ತುವನ್ನು ಮರೆತು ಎರಡು ಸಲ ಕೊಂಡರೆ ಅಪ್ಪನ ಜೇಬಿಗೆ ಬೀಳುವ ಕತ್ತರಿ ಸಣ್ಣದಲ್ಲ.

ಒಂದೇ ಹೆಸರು, ಹಲವು ರೂಪ

ಎರಡು ಸಲ ಕೊಳ್ಳುವಷ್ಟು ಮರೆವು ಯಾರಿಗಾದರೂ ಬರುತ್ತದೆಯೆ ಎಂದು ಕೇಳಬಹುದು. ಬರುತ್ತದೆ. ಅದಕ್ಕೆ ಮರೆವೊಂದೇ ಕಾರಣವಲ್ಲ, ಈ ಉದ್ಯಮದ ರೀತಿಯೂ ಕಾರಣ. ಕಿಟ್ ತಯಾರಿಕೆಯಲ್ಲಿ ದುಬಾರಿಯಾದದ್ದು ಉಕ್ಕಿನ ಅಚ್ಚು. ಒಮ್ಮೆ ಅಚ್ಚು ಕೊರೆದರೆ ಅದರಿಂದ ಹತ್ತಾರು ವರ್ಷ ಭಾಗಗಳನ್ನು ಎರಕ ಹೊಯ್ಯಬಹುದು. ಹಾಗಾಗಿ ಹಳೆಯ ಅಚ್ಚಿನ ಮಾಲೇ ಹೊಸ ಚಿತ್ರದ ಡಬ್ಬಿಯಲ್ಲಿ, ಹೊಸ ಡೆಕಾಲ್ ಜೊತೆ ಮತ್ತೆ ಮತ್ತೆ ಮಾರುಕಟ್ಟೆಗೆ ಬರುತ್ತದೆ. ಒಂದು ಕಂಪೆನಿಯ ಅಚ್ಚು ಇನ್ನೊಂದರ ಡಬ್ಬಿಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಇಟಲಿಯ ಇಟಾಲೆರಿ ಮಾಲು ಜಪಾನಿನ ತಾಮಿಯಾ ಡಬ್ಬಿಯಲ್ಲಿ, ಜಪಾನಿನ ಹಸೆಗಾವಾ ಮಾಲು ರೆವೆಲ್ ಡಬ್ಬಿಯಲ್ಲಿ ಬಂದದ್ದಿದೆ. ಮುಚ್ಚಳದ ಚಿತ್ರ ನೋಡಿ ಕೊಂಡವನು ಮನೆಗೆ ಬಂದು ತೆರೆದರೆ ಒಳಗೆ ಹಳೆಯ ಗೆಳೆಯನೇ!

ಇದರ ತಿರುಗುಮುರುಗು ಸಂಗತಿಯೂ ಇದೆ. ಹೆಸರು ಒಂದೇ, ವಿಮಾನ ಬೇರೆ. ಬೀದರಿನ ಹಾಕ್ ಬೇಕೆಂದು ಹಳೆಯ ಹಾಕ್ ಟಿ-1 ಕಿಟ್ ತಂದರೆ ಮೂಗು ಗಿಡ್ಡವಾಗಿರುತ್ತದೆ. ನಮ್ಮ ವಾಯುಪಡೆಯದು ಹಾಕ್ 132, ಅದರ ಮೂಗು ಉದ್ದ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪೆನಿ ಹಾಕ್ 128/132 ಎಂದೇ ಬೇರೆ ಕಿಟ್ ತಂದಿತು. ಮಿಗ್-21 ಕತೆ ಇನ್ನೂ ಗೋಜಲು. 1963ರಲ್ಲಿ ನಮ್ಮ ವಾಯುಪಡೆಗೆ ಬಂದು 2025ರ ಸೆಪ್ಟೆಂಬರ್ 26ರಂದು ನಿವೃತ್ತಿಯಾದ ಈ ವಿಮಾನದಲ್ಲಿ ಎಫ್‌ಎಲ್, ಎಂ, ಬಿಸ್ ಎಂದು ಹಲವು ಬಗೆ. ಬೆನ್ನ ಮೇಲಿನ ಉಬ್ಬು ಒಂದರಲ್ಲಿ ತೆಳು, ಇನ್ನೊಂದರಲ್ಲಿ ದಪ್ಪ. ಲೆಕ್ಕದ ಪುಸ್ತಕದಲ್ಲಿ ಬರೀ 'ಮಿಗ್-21' ಎಂದು ಬರೆದುಕೊಂಡರೆ, ವರ್ಷದ ನಂತರ ಎಫ್‌ಎಲ್‌ಗೆಂದು ಡೆಕಾಲ್ ತರಿಸಿದಾಗ ಮನೆಯಲ್ಲಿರುವುದು ಬಿಸ್ ಎಂದು ತಿಳಿದು ಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಅಳತೆಯದ್ದೂ ಹೀಗೆಯೇ. 1/72 ಎಂದರೆ ನಿಜವಾದ ವಿಮಾನದ ಎಪ್ಪತ್ತೆರಡನೆಯ ಒಂದು ಪಾಲು. ಆರು ಅಡಿ ಎಂದರೆ 72 ಅಂಗುಲ. ಹಾಗಾಗಿ ಆರಡಿಯ ಮನುಷ್ಯ ಇಲ್ಲಿ ಒಂದೇ ಅಂಗುಲ. 1/48 ಅಂದರೆ ಒಂದು ಅಡಿಗೆ ಕಾಲು ಅಂಗುಲ. ಮಿಗ್-21 ವಿಮಾನದ ರೆಕ್ಕೆಯ ಹರವು 7.15 ಮೀಟರ್. 1/72ರಲ್ಲಿ ಅದು ಹತ್ತಿರಹತ್ತಿರ 10 ಸೆಂಟಿಮೀಟರ್, 1/48ರಲ್ಲಿ 15, 1/32ರಲ್ಲಿ 22ಕ್ಕೂ ಮಿಗಿಲು. ಏಳನೆಯ ಇಯತ್ತೆಯ ಅನುಪಾತದ ಲೆಕ್ಕ ಇಲ್ಲಿ ಜೀವ ತಳೆದು ಕುಳಿತಿದೆ. ಆದರೆ 1/48ರ ಚಕ್ರ 1/72ರ ವಿಮಾನಕ್ಕೆ ಕೂಡುವುದಿಲ್ಲ. ಅಳತೆ ಬರೆಯದ ಪುಸ್ತಕ ಇದ್ದೂ ಇಲ್ಲದಂತೆ.

ಈ 1/72ಕ್ಕೂ ಶಾಲೆಗಳಿಗೂ ಹಳೆಯ ನಂಟು. 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿಯ ಶಾಲಾ ಮಕ್ಕಳಿಂದ ಐದು ಲಕ್ಷ ಮರದ ವಿಮಾನ ಮಾದರಿಗಳನ್ನು ಕೇಳಿತ್ತು. ಆಕಾಶದಲ್ಲಿ ಕಾಣುವ ವಿಮಾನ ತಮ್ಮದೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ಕಲಿಸುವುದಕ್ಕಾಗಿ. ಎಲ್ಲವೂ ಒಂದೇ ಅಳತೆ, 1/72. ಯಾವ ಬಗೆಯವು ಎಷ್ಟು ಬಂದವು ಎಂಬ ಲೆಕ್ಕ ಇಡದೆ ಇಂಥ ಕೆಲಸ ನಡೆಯುವಂತೆಯೇ ಇರಲಿಲ್ಲ.

ಕಿರ್ದಿ, ಖತಾವಣಿ

ಹಾಗಾದರೆ ಲೆಕ್ಕ ಇಡುವುದು ಹೇಗೆ? ಇದಕ್ಕೆ ದೂರ ಹೋಗಬೇಕಿಲ್ಲ. ಹುಮನಾಬಾದಿನ ಅಡತಿ ಅಂಗಡಿಯ ಗುಮಾಸ್ತರನ್ನು ಕೇಳಿದರೂ ಸಾಕು. ಅಂದಂದಿನ ವ್ಯವಹಾರ ಬಂದ ಕ್ರಮದಲ್ಲೇ ಕಿರ್ದಿಗೆ. ಆಮೇಲೆ ಆಯಾ ಹೆಸರಿನ ಖಾತೆಗೆ ಖತಾವಣಿ. ಮಾದರಿ ಕಿಟ್‌ಗಳಿಗೂ ಇಷ್ಟೇ ವಿದ್ಯೆ.

ಇನ್ನೂರು ಪುಟದ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ತನ್ನಿ. ಮೊದಲರ್ಧ ಕಿರ್ದಿ. ಡಬ್ಬಿ ಮನೆಗೆ ಬಂದ ದಿನವೇ ಅದಕ್ಕೊಂದು ಕ್ರಮಸಂಖ್ಯೆ. ಅದರ ಮುಂದೆ ಬಂದ ತಾರೀಖು, ತಯಾರಕರ ಹೆಸರು, ಡಬ್ಬಿಯ ಬದಿಯಲ್ಲಿ ಅಚ್ಚಾದ ಅವರ ಕಿಟ್ ಸಂಖ್ಯೆ, ಅಳತೆ, ಬಗೆ ಸಹಿತ ವಿಮಾನದ ಪೂರ್ಣ ಹೆಸರು, ಕೊಟ್ಟ ಹಣ, ಇಟ್ಟ ಜಾಗ. ಹಣದ ಅಂಕಣವನ್ನು ಖಾಲಿ ಬಿಡುವ ಚಪಲ ಅನೇಕರಿಗೆ. ಬಿಡಬೇಡಿ. ತಿಂಗಳ ಕೊನೆಗೆ ಅಪ್ಪನಿಗೆ ಪುಸ್ತಕ ತೋರಿಸುವ ಹುಡುಗನ ಮಾತಿಗೆ ಮನೆಯಲ್ಲಿ ಬೆಲೆ ಬೇರೆಯೇ ಇರುತ್ತದೆ.

ಕ್ರಮಸಂಖ್ಯೆಯನ್ನು ಸಣ್ಣ ಚೀಟಿಯಲ್ಲಿ ಬರೆದು ಡಬ್ಬಿಯ ಚಿಕ್ಕ ಬದಿಗೆ ಅಂಟಿಸಿ, ಒಂದರ ಮೇಲೊಂದು ಪೇರಿಸಿದಾಗ ಕಾಣುವಂತೆ. ಕಿಟ್ ಕಟ್ಟಿ ಮುಗಿದರೂ, ಗೆಳೆಯನಿಗೆ ಕೊಟ್ಟುಬಿಟ್ಟರೂ ಆ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಡಕೂಡದು. ಗ್ರಂಥಾಲಯಗಳ ದಾಖಲಾತಿ ಪುಸ್ತಕದ ಪದ್ಧತಿಯೂ ಇದೇ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು ಗ್ರಂಥಾಲಯದ ಬೆಳವಣಿಗೆಯನ್ನು ಕುರಿತದ್ದೇ. ಬೆಳೆಯುವ ಸಂಗ್ರಹಕ್ಕೆ ಮೊದಲೇ ಜಾಗ ಬಿಟ್ಟಿರಬೇಕಲ್ಲವೆ? ಹತ್ತು ಡಬ್ಬಿಗೆ ಸಾಕಾಗುವ ವ್ಯವಸ್ಥೆ ನೂರಕ್ಕೆ ಕುಸಿಯುತ್ತದೆ.

ಪುಸ್ತಕದ ಎರಡನೆಯ ಅರ್ಧ ಖಾತೆ. ವಿಮಾನದ ಹೆಸರಿಗೊಂದು ಪುಟ. 'ಹಾಕ್' ಪುಟದಲ್ಲಿ ಹಾಕ್‌ನ ಎಲ್ಲ ಕಿಟ್‌ಗಳ ಕ್ರಮಸಂಖ್ಯೆ, ಅದರ ಕೆಳಗೆ ಅದಕ್ಕೆಂದು ತಂದ ಪರಿಕರಗಳು. ನಿಜವಾದ ಗೊಂದಲ ಇರುವುದು ಈ ಪರಿಕರಗಳಲ್ಲಿ. ಬೇರೆಯಾಗಿ ಸಿಗುವ ಡೆಕಾಲ್ ಹಾಳೆ, ತೆಳು ಲೋಹದ ತಗಡಿನಲ್ಲಿ ಕೊರೆದ ಕಾಕ್‌ಪಿಟ್‌ನ ಸಣ್ಣ ಭಾಗಗಳು, ರಾಳದಲ್ಲಿ ಎರಕ ಹೊಯ್ದ ಆಸನ, ಬಣ್ಣ ಬಳಿಯುವಾಗ ಗಾಜಿಗೆ ಅಂಟಿಸುವ ಪಟ್ಟಿ. ಎಲ್ಲವೂ ಅಂಗೈಯಗಲದ ಚೀಲಗಳು, ಕಳೆದುಹೋಗಲಿಕ್ಕೇ ಹುಟ್ಟಿದಂಥವು. ಇವಕ್ಕೆ 'ಪ' ಅಕ್ಷರ ಸೇರಿಸಿ ಬೇರೆ ಕ್ರಮಸಂಖ್ಯೆ ಕೊಡಿ. ಎದುರಿಗೆ ಯಾವ ಕಿಟ್‌ಗೆಂದು ಬರೆಯಿರಿ. ಕಿಟ್‌ನ ಸಾಲಿನಲ್ಲೂ ಪರಿಕರದ ಸಂಖ್ಯೆ ಬರಲಿ. ಎರಡೂ ಕಡೆ ಬರೆಯುವುದು ಬೇಸರದ ಕೆಲಸವೇ. ಆದರೆ ಒಂದೇ ಕಡೆ ಬರೆದವರು ವಿಮಾನ ಕಟ್ಟಿ ಮುಗಿಸಿದ ಮರುದಿನ ಅದಕ್ಕೆಂದೇ ತಂದಿದ್ದ ಆಸನವನ್ನು ಪುಸ್ತಕದ ಕಪಾಟಿನಲ್ಲಿ ಕಂಡು ಪೇಚಾಡುತ್ತಾರೆ.

ಬಣ್ಣದ ಡಬ್ಬಿಗಳ ಪುಟ ಬೇರೆ ಇರಲಿ. ಒಂದೊಂದು ಕಂಪೆನಿಗೆ ಒಂದೊಂದು ಅಂಕಿ. ಹಂಬ್ರೋಲ್‌ನ 33 ಹೊಳಪಿಲ್ಲದ ಕಪ್ಪು, ತಾಮಿಯಾದ ಎಕ್ಸ್‌ಎಫ್-1 ಕೂಡ ಅದೇ. ಹಂಬ್ರೋಲ್ 34 ಬಿಳಿ, ತಾಮಿಯಾದಲ್ಲಿ ಎಕ್ಸ್‌ಎಫ್-2. ಕಿಟ್‌ನ ಕಾಗದದಲ್ಲಿ ಒಂದರ ಅಂಕಿ ಕೊಟ್ಟಿದ್ದರೆ ಇನ್ನೊಂದರ ಡಬ್ಬಿ ಮನೆಯಲ್ಲಿದ್ದೂ ಹೊಸದು ಕೊಳ್ಳುವವರೇ ಹೆಚ್ಚು. ಅಂಕಿಗಳನ್ನು ಎದುರುಬದುರು ಬರೆದು, ಮುಚ್ಚಳದ ಮೇಲೆ ತೆರೆದ ತಿಂಗಳನ್ನೂ ಗುರುತಿಸಿದರೆ ಗಟ್ಟಿಯಾದದ್ದು ಯಾವುದು, ಉಳಿದದ್ದು ಯಾವುದು ಎಂದು ಬೇಗ ತಿಳಿಯುತ್ತದೆ.

ಅರ್ಧ ಕಟ್ಟಿದ್ದು

ಎಲ್ಲಕ್ಕಿಂತ ಅಪಾಯದ ಸ್ಥಿತಿ ಅರ್ಧ ಕಟ್ಟಿ ಬಿಟ್ಟದ್ದು. ಶಾಲೆ ಶುರುವಾಯಿತು, ಪರೀಕ್ಷೆ ಬಂತು. ಮೇಜು ತೆರವು ಮಾಡಲು ತಂಗಿ ಎಲ್ಲವನ್ನೂ ಒಂದು ಡಬ್ಬಿಗೆ ಸುರಿದಳು. ಆರು ತಿಂಗಳ ಮೇಲೆ ನೋಡಿದರೆ ಕಾಕ್‌ಪಿಟ್‌ನ ಗಾಜು ಇಲ್ಲ. ನಿಲ್ಲಿಸುವ ದಿನ ಐದು ನಿಮಿಷ ಮೀಸಲಿಡಬೇಕು. ಬಿಡಿ ಭಾಗಗಳು ಜಿಪ್ ಚೀಲಕ್ಕೆ, ಗಾಜು ಹತ್ತಿಯಲ್ಲಿ ಸುತ್ತಿ ಬೇರೆ ಚೀಲಕ್ಕೆ, ಒಂದು ಚೀಟಿಯಲ್ಲಿ 'ಹಂತ 7 ಮುಗಿದಿದೆ, ಎಡ ಚಕ್ರ ಅಂಟಿಸಬೇಕು' ಎಂಬ ಒಂದು ಸಾಲು. ಕಿರ್ದಿಯ 'ಸ್ಥಿತಿ' ಅಂಕಣದಲ್ಲಿ ಪೆನ್ಸಿಲ್‌ನಿಂದ 'ನಡೆದಿದೆ' ಎಂದು ಬರೆಯಿರಿ. ಪೆನ್ಸಿಲ್ ಏಕೆಂದರೆ ಅದು ಬದಲಾಗುತ್ತದೆ, ಉಳಿದದ್ದು ಶಾಯಿಯಲ್ಲಿ.

ಕಂಪ್ಯೂಟರ್ ಇದ್ದವರು ಇದೇ ಅಂಕಣಗಳನ್ನು ಅದರಲ್ಲಿ ಹಾಕಬಹುದು. ಹೆಸರಿನ ಪ್ರಕಾರ, ಅಳತೆಯ ಪ್ರಕಾರ ಕ್ಷಣದಲ್ಲಿ ಜೋಡಿಸಿ ಕೊಡುತ್ತದೆ. ಆಗ ಖತಾವಣಿಯ ಶ್ರಮವೇ ಇಲ್ಲ. ಅಂಗಡಿಯಲ್ಲಿ ನಿಂತಾಗ ಅಣ್ಣನ ಮೊಬೈಲಿನಲ್ಲೇ ಪಟ್ಟಿ ನೋಡಬಹುದೆಂಬುದು ಅದರ ದೊಡ್ಡ ಲಾಭ. ಆದರೆ ಪ್ರತಿಯೊಂದು ಬೇರೆ ಕಡೆ ಇರಲೇಬೇಕು. ಕೆಟ್ಟುಹೋದ ಫೋನಿನೊಂದಿಗೆ ನಾಲ್ಕು ವರ್ಷದ ಲೆಕ್ಕ ಹೋದರೆ ಮೂಲೆಯ ನೋಟ್‌ಬುಕ್ಕೇ ವಾಸಿ ಎನಿಸುತ್ತದೆ.

ಇನ್ನು ಜಾಗದ ಮಾತು. ಬೀದರ್ ಸೀಮೆಯ ಬೇಸಿಗೆ ಎಂಥದೆಂದು ಹೇಳಬೇಕಿಲ್ಲ. ತಗಡಿನ ಮಾಳಿಗೆಯ ಕೆಳಗಿನ ಅಟ್ಟದಲ್ಲಿ ಡಬ್ಬಿ ಇಟ್ಟರೆ ರಾಳದ ತೆಳು ಭಾಗಗಳು ಬಾಗುತ್ತವೆ. ಮಳೆಗಾಲದ ತೇವಕ್ಕೆ ಡೆಕಾಲ್ ಹಾಳೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅದನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ, ಮಡಿಸದೆ, ಚಪ್ಪಟೆಯಾಗಿ ಇಡಬೇಕು. ಹಳೆಯ ಹಾಳೆ ಹಳದಿಯಾಗಿದ್ದರೆ ಚೀಲ ಸಹಿತ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ದಿನ ಅಂಟಿಸಿಡುವುದು ಹವ್ಯಾಸಿಗಳ ಹಳೆಯ ಉಪಾಯ. ಹಳದಿ ಬಹಳಷ್ಟು ಇಳಿಯುತ್ತದೆ. ಬಿಸಿಲಿಗೆ ನಮ್ಮಲ್ಲಿ ಬರವೆ? ಅಂಟು ಮತ್ತು ಎನಾಮೆಲ್ ಬಣ್ಣ ಒಲೆಯಿಂದ, ಚಿಕ್ಕ ಮಕ್ಕಳಿಂದ ದೂರವಿರಲಿ. ಬಳಸುವಾಗ ಕಿಟಕಿ ತೆರೆದಿರಲಿ. ಇದನ್ನು ತಂದೆತಾಯಿ ಖುದ್ದಾಗಿ ನೋಡಿಕೊಳ್ಳಬೇಕು.

ವ್ಯಾಪಾರಸ್ಥರು ದೀಪಾವಳಿಗೆ ಲೆಕ್ಕದ ಪುಸ್ತಕ ಪೂಜಿಸಿ ಹೊಸದನ್ನು ತೆರೆಯುತ್ತಾರೆ. ದಾಸ್ತಾನು ನೋಡಲು ಆ ರಜೆಯೇ ಸರಿ. ಮಂಚದ ಕೆಳಗಿನದೆಲ್ಲ ಹೊರಬರಲಿ. ಒಬ್ಬರು ಚೀಟಿಯ ಸಂಖ್ಯೆ ಕೂಗಲಿ, ಇನ್ನೊಬ್ಬರು ಪುಸ್ತಕದಲ್ಲಿ ಗುರುತು ಹಾಕಲಿ. ಈ ಕೆಲಸಕ್ಕೆ ಅವ್ವನನ್ನೇ ಕೂಡಿಸಿಕೊಂಡರೆ ಇನ್ನೂ ಒಳ್ಳೆಯದು. ಗುರುತು ಬೀಳದೆ ಉಳಿದ ಸಾಲು ಕಳೆದದ್ದು. ಎರಡು ಸಲ ಬಂದದ್ದು ಗೆಳೆಯನೊಡನೆ ಅದಲುಬದಲಿಗೆ. ಕೊನೆಗೆ ಎರಡು ಮೊತ್ತ ಹಾಕಿ: ಈ ವರ್ಷ ಬಂದವು ಎಷ್ಟು, ಕಟ್ಟಿದ್ದು ಎಷ್ಟು. ಬಂದವು ಒಂಬತ್ತು, ಕಟ್ಟಿದ್ದು ಎರಡು ಎಂದಿದ್ದರೆ ಅವ್ವನ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಆ ಪುಟದ ಕೆಳಗೆ, ಮುಂದಿನ ಡಬ್ಬಿ ತರುವ ಮುನ್ನ ಕಟ್ಟಬೇಕಾದ ಕಿಟ್‌ಗಳ ಕ್ರಮಸಂಖ್ಯೆಯನ್ನು ಹುಡುಗನೇ ತನ್ನ ಕೈಯಾರೆ ಬರೆದು ಸಹಿ ಹಾಕಲಿ.