ಗಾಂಜಾ ಔಷಧ: ಕಾನೂನು ಹೇಳುವುದೊಂದು, ಜನ ನಂಬಿರುವುದು ಇನ್ನೊಂದು

ಬೆಂಗಳೂರು: ಗಾಂಜಾ ಎಂದೊಡನೆ ಕಣ್ಣೆದುರು ಬರುವುದು ಪೊಲೀಸ್ ಠಾಣೆಯ ಮೇಜಿನ ಮೇಲೆ ಪೇರಿಸಿಟ್ಟ ಪೊಟ್ಟಣಗಳ ಚಿತ್ರ. ಅದೇ ಗಿಡದ ಸಾರವನ್ನು ಸಣ್ಣ ಸೀಸೆಗಳಲ್ಲಿ ತುಂಬಿ, ‘ವಿಜಯಾ’ ಎಂಬ ಸಂಸ್ಕೃತ ಹೆಸರಿನಲ್ಲಿ ಅಂತರ್ಜಾಲದ ಮೂಲಕ ಮನೆಬಾಗಿಲಿಗೆ ತಲುಪಿಸುವ ವ್ಯಾಪಾರವೂ ಇಂದು ನಡೆಯುತ್ತಿದೆ. ಹಾಗಾದರೆ ಇದು ಔಷಧವೋ, ಅಪರಾಧವೋ? ಅಪಸ್ಮಾರದಿಂದ ನರಳುವ ಮಗುವಿನ ತಂದೆತಾಯಿಗೆ, ಕ್ಯಾನ್ಸರ್ ನೋವಿನಲ್ಲಿರುವವರ ಮನೆಯವರಿಗೆ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ.

ಉತ್ತರವಿರುವುದು 1985ರ ಮಾದಕ ದ್ರವ್ಯ ಮತ್ತು ಮನೋದ್ರೇಕಕ ವಸ್ತುಗಳ ಕಾಯಿದೆಯಲ್ಲಿ. ಈ ಕಾಯಿದೆ ಇಡೀ ಗಿಡವನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಗಿಡದ ಅಂಟು ಚರಸ್. ಹೂ ಅಥವಾ ಕಾಯಿ ಬಿಟ್ಟ ತುದಿ ಗಾಂಜಾ. ಇವೆರಡೂ, ಇವುಗಳ ಮಿಶ್ರಣವೂ ನಿಷಿದ್ಧ. ತುದಿಯೊಡನೆ ಸೇರಿರದ ಎಲೆ ಮತ್ತು ಬೀಜ ಗಾಂಜಾದ ವ್ಯಾಖ್ಯೆಯ ಹೊರಗಿವೆ. ನಮ್ಮ ಹಿರಿಯರು ಭಂಗಿ ಸೊಪ್ಪು ಎಂದು ಕರೆಯುತ್ತಿದ್ದುದು ಈ ಎಲೆಯನ್ನೇ. 29 ಕಿಲೋ ಭಂಗಿ ಇಟ್ಟುಕೊಂಡಿದ್ದ ಆರೋಪದ ಪ್ರಕರಣದಲ್ಲಿ 2022ರಲ್ಲಿ ಜಾಮೀನು ನೀಡಿದ ಕರ್ನಾಟಕ ಹೈಕೋರ್ಟ್, ಭಂಗಿಯನ್ನು ಈ ಕಾಯಿದೆ ನಿಷೇಧಿಸಿಲ್ಲವೆಂದು ಹೇಳಿದ್ದುಂಟು. ಹಾಗೆಂದು ಭಂಗಿಗೆ ಲಗಾಮೇ ಇಲ್ಲವೆಂದಲ್ಲ. ಅದರ ಮೇಲಿನ ನಿಯಂತ್ರಣ ರಾಜ್ಯಗಳ ಅಬಕಾರಿ ಕಾನೂನಿಗೆ ಸೇರಿದ್ದು.

ಸೀಸೆಯ ಎಣ್ಣೆ ಮಾರುಕಟ್ಟೆಗೆ ಬಂದದ್ದು ಈ ಸಂದಿಯಿಂದಲೇ. ಆಯುರ್ವೇದ ಗ್ರಂಥಗಳಲ್ಲಿ ವಿಜಯಾ ಉಲ್ಲೇಖವಿರುವುದರಿಂದ, ಎಲೆಯಿಂದ ತೆಗೆದ ಸಾರವನ್ನು ಆಯುಷ್ ಪರವಾನಗಿಯಡಿ ತಯಾರಿಸಲಾಗುತ್ತಿದೆ. ಔಷಧ ನಿಯಮಾವಳಿಯ ಇ-1 ಅನುಸೂಚಿ ಇದನ್ನು ವಿಷದ್ರವ್ಯಗಳ ಸಾಲಿನಲ್ಲಿರಿಸಿದೆ. ಆದ್ದರಿಂದ ಹೊಟ್ಟೆಗೆ ಸೇವಿಸುವ ಇಂಥ ಔಷಧದ ಪೊಟ್ಟಣದ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ ಇರಲೇಬೇಕು. ಸೀಸೆ ಮಾರುವವರು ಈ ಸಾಲನ್ನು ಆದಷ್ಟು ಚಿಕ್ಕ ಅಕ್ಷರದಲ್ಲಿ ಮುದ್ರಿಸುತ್ತಾರೆಂಬುದು ಬೇರೆ ಮಾತು.

ಇನ್ನು ಗುಣದ ವಿಚಾರ. ‘ಎಲ್ಲ ರೋಗಕ್ಕೂ ಮದ್ದು’ ಎಂಬ ಮಾತನ್ನು ಪುರಾವೆ ಸಮರ್ಥಿಸುವುದಿಲ್ಲ. ‘ಯಾವ ರೋಗಕ್ಕೂ ಅಲ್ಲ’ ಎಂಬುದನ್ನೂ ಅಷ್ಟೇ. ಅತ್ಯಂತ ಗಟ್ಟಿ ಪುರಾವೆ ದೊರೆತಿರುವುದು ಮಕ್ಕಳ ಕೆಲವು ವಿರಳ ಅಪಸ್ಮಾರಗಳಲ್ಲಿ. ಡ್ರಾವೆ ಸಿಂಡ್ರೋಮ್ ಎಂಬ ಕಾಯಿಲೆಯ 120 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶುದ್ಧೀಕರಿಸಿದ ಸಿಬಿಡಿ ಪಡೆದವರ ಗುಂಪಿನಲ್ಲಿ ತಿಂಗಳಿಗೆ 12.4ರಷ್ಟಿದ್ದ ಸೆಳವು 5.9ಕ್ಕೆ ಇಳಿಯಿತು. ಹುಸಿ ಔಷಧ ಪಡೆದವರಲ್ಲಿ ಅದು 14.9ರಿಂದ 14.1ಕ್ಕಷ್ಟೇ ಇಳಿದಿತ್ತು. ಅಮೆರಿಕದ ಔಷಧ ಪ್ರಾಧಿಕಾರ 2018ರಲ್ಲಿ ‘ಎಪಿಡಿಯೋಲೆಕ್ಸ್’ ಹೆಸರಿನ ಈ ಔಷಧಕ್ಕೆ ಒಪ್ಪಿಗೆ ನೀಡಿತು.

ಆದರೆ ಸಿಬಿಡಿ ಪಡೆದವರಲ್ಲಿ ಸೆಳವು ಪೂರ್ತಿ ನಿಂತದ್ದು ನೂರಕ್ಕೆ ಐವರಿಗೆ ಮಾತ್ರ. ಆ ಪ್ರಯೋಗದ ರೋಗಿಗಳು ಹಳೆಯ ಮಾತ್ರೆಗಳನ್ನು ಬಿಟ್ಟಿರಲಿಲ್ಲ. ಸಿಬಿಡಿಯನ್ನು ಅವುಗಳ ಜೊತೆಗೆ ಕೊಡಲಾಗಿತ್ತು. ತೂಕಡಿಕೆ, ಯಕೃತ್ತಿನ ಕಿಣ್ವಗಳ ಏರಿಕೆ ಕಂಡುಬಂದವು. ಯಕೃತ್ತಿನ ತೊಂದರೆ ವಿಶೇಷವಾಗಿ ವಾಲ್ಪ್ರೋಯೇಟ್ ಸೇವಿಸುತ್ತಿದ್ದವರಲ್ಲಿ. ಸೀಸೆಯನ್ನು ನಂಬಿ ಅಪಸ್ಮಾರದ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ, ಬಿಡದೆ ಮರುಕಳಿಸುವ ಸೆಳವು ಪ್ರಾಣವನ್ನೇ ತೆಗೆಯಬಹುದು. ಈ ಇಡೀ ಚರ್ಚೆಯಲ್ಲಿ ನಿಜವಾದ ಅಪಾಯವಿರುವುದು ಇಲ್ಲಿಯೇ.

ಸಿಬಿಡಿ ಅಮಲೇರಿಸುವುದಿಲ್ಲ, ಅಮಲೇರಿಸುವುದು ಟಿಎಚ್‌ಸಿ ಎಂಬ ಅಂಶ. ಕೀಮೋಥೆರಪಿಯ ವಾಂತಿಗೆ, ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಸ್ನಾಯು ಬಿಗಿತಕ್ಕೆ ಟಿಎಚ್‌ಸಿ ಆಧಾರಿತ ಔಷಧಗಳು ಕೆಲವು ದೇಶಗಳಲ್ಲಿವೆ. ಆದರೆ ಕ್ಯಾನ್ಸರ್ ಗಡ್ಡೆಯನ್ನು ಗಾಂಜಾ ಎಣ್ಣೆ ಕರಗಿಸುತ್ತದೆಂಬ, ಮೊಬೈಲಿನಿಂದ ಮೊಬೈಲಿಗೆ ಹಾರುವ ಸಂದೇಶಕ್ಕೆ ಮನುಷ್ಯರ ಮೇಲಿನ ಪ್ರಯೋಗಗಳ ಆಧಾರವಿಲ್ಲ. ‘ಗಿಡಮೂಲಿಕೆಯಲ್ಲವೇ, ಅಡ್ಡಪರಿಣಾಮವೇನು?’ ಎನ್ನುವವರಿಗೆ ಒಂದೇ ಉದಾಹರಣೆ ಸಾಕು: ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುವವರಲ್ಲಿ ಸಿಬಿಡಿ ಅದರ ಪ್ರಭಾವವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ಎಡೆಮಾಡಬಲ್ಲದು.

ವೈದ್ಯರ ಚೀಟಿಯಿದ್ದರೆ ಗಾಂಜಾ ಇಟ್ಟುಕೊಳ್ಳಬಹುದೆಂಬುದು ಮತ್ತೊಂದು ತಪ್ಪು ತಿಳಿವಳಿಕೆ. ಪರವಾನಗಿಯುಳ್ಳ ಔಷಧಕ್ಕಷ್ಟೇ ಚೀಟಿಯ ರಕ್ಷಣೆ. ಬೀದಿಯಲ್ಲಿ ಕೊಂಡ ಸೊಪ್ಪಿಗಲ್ಲ. ಒಂದು ಕಿಲೋವರೆಗಿನ ಗಾಂಜಾ ‘ಅಲ್ಪ ಪ್ರಮಾಣ’ವೆನಿಸಿದರೂ ಒಂದು ವರ್ಷದವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಿತ್ತಲಲ್ಲಿ ಗಾಂಜಾ ಬೆಳೆಸಿದರೆ ಶಿಕ್ಷೆ ಹತ್ತು ವರ್ಷದವರೆಗೂ ಹೋದೀತು. ವೈದ್ಯಕೀಯ ಗಾಂಜಾವನ್ನು 1996ರಲ್ಲೇ ಒಪ್ಪಿಕೊಂಡ ಕ್ಯಾಲಿಫೋರ್ನಿಯದಿಂದ ಊರಿಗೆ ಬರುವ ಕನ್ನಡಿಗರಿಗೂ ಇದೇ ಮಾತು: ಅಲ್ಲಿನ ಚೀಟಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬೆಲೆಯಿಲ್ಲ.

ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗವು 2020ರ ಡಿಸೆಂಬರ್‌ನಲ್ಲಿ 27-25 ಮತಗಳಿಂದ ಗಾಂಜಾವನ್ನು ಅತ್ಯಂತ ಅಪಾಯಕಾರಿ ದ್ರವ್ಯಗಳ ಪಟ್ಟಿಯಿಂದ ಕೈಬಿಟ್ಟಾಗ, ಭಾರತ ಪರವಾಗಿ ಮತ ಹಾಕಿತ್ತು. ಆ ಮತದಿಂದ ದೇಶದೊಳಗಿನ ಕಾಯಿದೆಯೇನೂ ಬದಲಾಗಲಿಲ್ಲ. ಜಮ್ಮುವಿನಲ್ಲಿರುವ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್ ನೋವು ಮತ್ತು ಅಪಸ್ಮಾರಕ್ಕೆ ಗಾಂಜಾ ಆಧಾರಿತ ಔಷಧ ರೂಪಿಸುವ ಕೆಲಸ ಕೈಗೊಂಡಿದೆ.

ಕ್ಯಾನ್ಸರಿನ ತೀವ್ರ ನೋವಿಗಾದರೋ ಗಾಂಜಾಕ್ಕಿಂತ ಬಲವಾದ ಪುರಾವೆಯುಳ್ಳ ಔಷಧ ಈಗಾಗಲೇ ಇದೆ, ಅದು ಮಾರ್ಫಿನ್. ಅದರ ಸುತ್ತಲಿದ್ದ ಪರವಾನಗಿಗಳ ಜಂಜಾಟವನ್ನು ಸಡಿಲಿಸಲೆಂದೇ ಇದೇ ಕಾಯಿದೆಗೆ 2014ರಲ್ಲಿ ತಿದ್ದುಪಡಿ ತರಲಾಯಿತು. ಎಣ್ಣೆಯ ಸೀಸೆ ಹುಡುಕಿ ಹೊರಟವರು ಮೊದಲು ಆಸ್ಪತ್ರೆಯ ನೋವು ಶಮನ ವಿಭಾಗದಲ್ಲಿ ವಿಚಾರಿಸುವುದು ಲೇಸು.