ಅಂಗಾಲಿನ ಕಪ್ಪು ಕಲೆಯೂ ಬಿ.ಫಾರ್ಮ್ ಪ್ರಾಜೆಕ್ಟೂ

ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ ಎನ್ನುವ ಮಾತು ಅರ್ಧ ಮಾತ್ರ ನಿಜ. ನಮ್ಮಲ್ಲಿ ಅದು ಅಪರೂಪ, ಹೌದು. ಆದರೆ ಅದರಲ್ಲೇ ಅಪಾಯಕಾರಿಯಾದ ಮೆಲನೋಮ ಇಲ್ಲಿಯವರಿಗೆ ಬಂದಾಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ. ಬೆಳಗಾವಿ ಜಿಲ್ಲೆಯ ಖಾನಾಪುರದ ಗದ್ದೆಗಳಲ್ಲಿ ಬರಿಗಾಲಲ್ಲಿ ದುಡಿಯುವವರು ಅದನ್ನು ಆಣಿ ಎಂದೋ ಮುಳ್ಳು ಮುರಿದ ಗಾಯ ಎಂದೋ ಬಿಟ್ಟುಬಿಟ್ಟರೆ ಆಶ್ಚರ್ಯವಿಲ್ಲ.

2002ರಲ್ಲಿ ಮೆಲನೋಮದಲ್ಲಿ ಬಿರಾಫ್ ಎಂಬ ಜೀನ್ ಕೆಟ್ಟಿರುವುದು ಪತ್ತೆಯಾಯಿತು. ಅದನ್ನೇ ಗುರಿಯಾಗಿಸಿದ ವೆಮುರಾಫೆನಿಬ್ ಮಾತ್ರೆಗೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಪಾಶ್ಚಾತ್ಯ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ದೋಷವಿರುತ್ತದೆ. ಅಂಗಾಲಿನ ಮೆಲನೋಮದಲ್ಲಿ ಇದು ಕಡಿಮೆ. ಕೆಲವರಲ್ಲಿ ಕಿಟ್ ಎಂಬ ಬೇರೆಯೇ ಜೀನ್ ಕೆಟ್ಟಿರುತ್ತದೆ. ನಮ್ಮ ರೋಗಿಗೆ ಗುರಿ ಯಾವುದು ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳೇ ಕೇಳಬೇಕು.

ಅದಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಬೆಳಗಾವಿಯಲ್ಲಿ 1968ರ ಕೆಎಲ್‌ಇ ಫಾರ್ಮಸಿ ಕಾಲೇಜಿದೆ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ (ಐಸಿಎಂಆರ್) ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಯಿದೆ. ಬಿ.ಫಾರ್ಮ್ ಎಂಟನೇ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಹೇಗೂ ಮಾಡಲೇಬೇಕು.

ಕೆಲಸ ಹೀಗಿರುತ್ತದೆ: ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು, ಅದರಲ್ಲಿ 96 ಗುಳಿ. ಗುಳಿಗಳಲ್ಲಿ ಮೆಲನೋಮ ಕೋಶಗಳು. ಸಾಲು ದಾಟಿದಂತೆ ಔಷಧದ ಪ್ರಮಾಣ ಏರುತ್ತದೆ. ಎಂಟಿಟಿ ಎಂಬ ಹಳದಿ ದ್ರಾವಣ ಹಾಕಿ ಕೆಲವು ಗಂಟೆ ಬಿಟ್ಟರೆ, ಕೋಶ ಬದುಕಿರುವಲ್ಲಿ ನೇರಳೆ ಬಣ್ಣ ಬರುತ್ತದೆ, ಸತ್ತಲ್ಲಿ ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಇಲ್ಲೇ ಮೋಸಹೋಗುವುದು. ಸೊಪ್ಪಿನ ರಸ ಸುರಿದೆ, ಕ್ಯಾನ್ಸರ್ ಕೋಶ ಸತ್ತಿತು ಎಂಬ ಪ್ರಾಜೆಕ್ಟುಗಳು ಸಾಕು. ಫಿನಾಯಿಲ್ ಸುರಿದರೂ ಸಾಯುತ್ತದೆ. ಆರೋಗ್ಯವಂತ ಕೋಶ ಉಳಿಯಿತೇ? ಪೆಟ್ಟು ಬಿದ್ದದ್ದು ಯಾವ ಪ್ರೋಟೀನಿಗೆ? ಒಂದು ಉದಾಹರಣೆ: ಅಮೆರಿಕದ ಐಡಾಹೊದಲ್ಲಿ ಒಂದು ಕಾಡುಗಿಡ ಮೇಯ್ದ ಕುರಿಗಳು ಒಕ್ಕಣ್ಣಿನ ಮರಿ ಹಾಕುತ್ತಿದ್ದವು. ಆ ಗಿಡದ ವಿಷ ಸೈಕ್ಲೋಪಮೈನ್ ಎಂದು ಗೊತ್ತಾಗಿ, ಅದು ಬೆಳವಣಿಗೆಯ ಯಾವ ಸಂಕೇತವನ್ನು ತಡೆಯುತ್ತದೆ ಎಂದು ತಿಳಿಯಲು ದಶಕಗಳೇ ಹಿಡಿದವು. ಅದೇ ಸಂಕೇತವನ್ನು ತಡೆಯುವ ವಿಸ್ಮೊಡೆಗಿಬ್ 2012ರಲ್ಲಿ ಬೇಸಲ್ ಸೆಲ್ ಎಂಬ ಚರ್ಮದ ಕ್ಯಾನ್ಸರ್‌ಗೆ ಔಷಧವಾಯಿತು. ಗಿಡ ಸಿಕ್ಕಿದ್ದಕ್ಕಿಂತ ಗುರಿ ಸಿಕ್ಕಿದ್ದೇ ದೊಡ್ಡದು.

ಇಂಥ ಸಂಶೋಧನೆಗೆ ನೆರವೂ ಇದೆ. ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗೆ ಐಸಿಎಂಆರ್ 1979ರಿಂದಲೂ ಎರಡು ತಿಂಗಳ ಅಲ್ಪಾವಧಿ ಸಂಶೋಧನೆಗೆ ಸ್ಟೈಪೆಂಡ್ ಕೊಡುತ್ತಿದೆ. ವಿಜ್ಞಾನದ ಬೇರೆ ಪದವಿ ವಿದ್ಯಾರ್ಥಿಗಳಿಗೆ ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಇದೆ. ಅರ್ಜಿಯ ಗಡುವು ಬೇಸಿಗೆಗಿಂತ ತಿಂಗಳುಗಳ ಮೊದಲೇ ಮುಗಿಯುತ್ತದೆ. ಈ ಸೆಮಿಸ್ಟರ್‌ನಲ್ಲೇ ಒಬ್ಬ ಮಾರ್ಗದರ್ಶಕರನ್ನು ಹುಡುಕಿಕೊಳ್ಳಿ.