ಹೂತ ಮದ್ದಿಗೆ ಮುಪ್ಪಿಲ್ಲ

ಮೆಟಲ್ ಡಿಟೆಕ್ಟರ್ ಹಿಡಿದು ನೆಲ ಹುಡುಕುವವರಿಗೆ ನಾಣ್ಯ, ಗುಂಡಿಗಳ ಜೊತೆಗೆ ಹಳೆಯ ಶೆಲ್ಲೂ ಸಿಗುತ್ತದೆ. ಆಗ ಏನು ಮಾಡಬೇಕೆಂಬುದು ಮೊದಲೇ ಗೊತ್ತಿರಬೇಕು.

ಬೆಲ್ಜಿಯಂನ ಈಪ್ರ ಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಉಳುಮೆ ಶುರುವಾಯಿತೆಂದರೆ ರಸ್ತೆ ಬದಿಯ ಕಂಬಗಳ ಬುಡದಲ್ಲಿ ತುಕ್ಕು ಹಿಡಿದ ಶೆಲ್‌ಗಳು ಕಾಣಿಸಿಕೊಳ್ಳುತ್ತವೆ. ನೇಗಿಲಿಗೆ ಸಿಕ್ಕಿದ್ದನ್ನು ರೈತರು ಹೊಲದಂಚಿಗೆ ತಂದಿಟ್ಟು ಪೊಲೀಸರಿಗೆ ತಿಳಿಸುತ್ತಾರೆ. ಪೂಲ್ಕಪೆಲದಲ್ಲಿರುವ ಸೇನೆಯ ಸ್ಫೋಟಕ ವಿಲೇವಾರಿ ಘಟಕದವರು ಬಂದು ಒಯ್ಯುತ್ತಾರೆ. ಹೀಗೆ ವರ್ಷಕ್ಕೆ ನೂರು ಟನ್ನಿಗೂ ಹೆಚ್ಚು ಮದ್ದುಗುಂಡು ನೆಲದಿಂದ ಹೊರಬರುತ್ತದೆ. ಮೊದಲ ಮಹಾಯುದ್ಧ ಮುಗಿದದ್ದು 1918ರಲ್ಲಿ. ಈ ‘ಕಬ್ಬಿಣದ ಸುಗ್ಗಿ’ ಇನ್ನೂ ಮುಗಿದಿಲ್ಲ.

ಆಗ ಹಾರಿಸಿದ ಶೆಲ್‌ಗಳಲ್ಲಿ ನಾಲ್ಕಕ್ಕೊಂದು ಸಿಡಿಯಲೇ ಇಲ್ಲವೆಂಬ ಅಂದಾಜಿದೆ. ಶೆಲ್ ಸಿಡಿಸಬೇಕಿದ್ದ, ಅವಸರದಲ್ಲಿ ತಯಾರಾದ ಫ್ಯೂಸ್‌ಗಳು ಕೈಕೊಟ್ಟವು. ಮಳೆಯಲ್ಲಿ ನೆನೆದ ಮೆತ್ತನೆಯ ನೆಲಕ್ಕೆ ಬಿದ್ದ ಎಷ್ಟೋ ಶೆಲ್‌ಗಳು ಸದ್ದಿಲ್ಲದೆ ಆಳಕ್ಕೆ ಇಳಿದವು. ಭಾರತದಿಂದ ಹಡಗು ಹತ್ತಿ ಹೋದ ಸಿಪಾಯಿಗಳು 1914ರ ಅಕ್ಟೋಬರಿನಲ್ಲಿ ಈಪ್ರದ ಬಳಿ, 1915ರ ಮಾರ್ಚಿನಲ್ಲಿ ಫ್ರಾನ್ಸಿನ ನ್ಯೂವ್ ಶಪೆಲ್‌ನಲ್ಲಿ ಕಾದಾಡಿದ್ದು ಇಂಥ ಕೆಸರಿನಲ್ಲೇ. ಸಮವಸ್ತ್ರದ ಗುಂಡಿಗೋ ಬಿಲ್ಲೆಗೋ ಆಸೆಪಟ್ಟು ಡಿಟೆಕ್ಟರ್ ಹಿಡಿದು ಬರುವವರನ್ನು ಯುದ್ಧಭೂಮಿಗೆ ಸೆಳೆಯುವುದೂ ಇದೇ ಚರಿತ್ರೆ.

ಒಳ್ಳೆಯ ಸದ್ದಿನ ಅಪಾಯ

ಡಿಟೆಕ್ಟರ್ ಲೋಹವನ್ನಷ್ಟೇ ಹೇಳುತ್ತದೆ, ವಸ್ತುವನ್ನಲ್ಲ. ಅನುಭವಸ್ಥರು ಕಬ್ಬಿಣದ ಒರಟು ಸದ್ದನ್ನು ಬಿಟ್ಟು ತಾಮ್ರ, ಹಿತ್ತಾಳೆ, ಬೆಳ್ಳಿಯ ಸ್ಪಷ್ಟ ಸದ್ದಿಗೆ ಕಿವಿಗೊಡುತ್ತಾರೆ. ಆದರೆ ಶೆಲ್ಲಿನ ಮೈಗೆ ಬಿಗಿದ ಪಟ್ಟಿ ತಾಮ್ರದ್ದು. ಅದರ ಮೂತಿಗೆ ಕೂರಿಸಿದ ಫ್ಯೂಸ್ ಎಷ್ಟೋ ಸಲ ಹಿತ್ತಾಳೆಯದ್ದು. ಹುಡುಕುವವನಿಗೆ ನಾಣ್ಯದಂತೆ ಕೇಳಿಸಿದ ಸದ್ದು ಇಡೀ ಶೆಲ್ಲಿನಲ್ಲಿ ಅತಿ ಅಪಾಯಕಾರಿಯಾದ ಭಾಗದ್ದೇ ಆಗಿರಬಹುದು.

ಫ್ಯೂಸಿನ ಒಳಗೆ ಚೂಪಾದ ಮೊಳೆಯೊಂದಿರುತ್ತದೆ. ಅದರೆದುರಿಗೆ ಬೇಗ ಹೊತ್ತುವ ಮದ್ದಿನ ಪುಟ್ಟ ಬಟ್ಟಲು. ಇವೆರಡೂ ಅಕಾಲದಲ್ಲಿ ತಾಗದಂತೆ ಸ್ಪ್ರಿಂಗ್ ಅಥವಾ ಪಿನ್ ತಡೆದಿರುತ್ತದೆ. ಫಿರಂಗಿಯಿಂದ ಹಾರುವಾಗಿನ ಹೊಡೆತಕ್ಕೆ, ಶೆಲ್ ಗಿರಗಿರನೆ ತಿರುಗುವ ರಭಸಕ್ಕೆ ಆ ತಡೆ ಕಳಚುತ್ತದೆ. ನೆಲಕ್ಕೆ ಬಡಿದಾಗ ಮೊಳೆ ಬಟ್ಟಲಿಗೆ ಚುಚ್ಚುತ್ತದೆ, ಶೆಲ್ ಸಿಡಿಯುತ್ತದೆ. ಸಿಡಿಯದೆ ಉಳಿದ ಶೆಲ್ಲಿನಲ್ಲಿ ತಡೆಗಳೆಲ್ಲ ಕಳಚಿ ಕೊನೆಯ ಚುಚ್ಚು ಮಾತ್ರ ಬಾಕಿ ಉಳಿದಿರಬಹುದು. ನಡುವೆ ಇರುವುದು ತುಕ್ಕು, ಮಣ್ಣು. ಮಣ್ಣು ಉದುರಿಸಲೆಂದು ಸಲಿಕೆಯಿಂದ ತಟ್ಟಿದ ಒಂದು ಪೆಟ್ಟೇ ಆ ಬಾಕಿಯನ್ನು ತೀರಿಸೀತು.

ನೂರು ವರ್ಷದಲ್ಲಿ ಮದ್ದು ಸತ್ತುಹೋಗಿರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಆ ಕಾಲದ ಅನೇಕ ಶೆಲ್‌ಗಳಲ್ಲಿ ತುಂಬಿದ್ದ ಪಿಕ್ರಿಕ್ ಆಮ್ಲ ಲೋಹದೊಡನೆ ಬೆರೆತು ಪಿಕ್ರೇಟ್ ಎಂಬ ಹರಳಾಗುತ್ತದೆ. ಅದು ಉಜ್ಜಿದರೂ ಸಿಡಿಯುವಷ್ಟು ಸೂಕ್ಷ್ಮ. ಸಾಸಿವೆ ಅನಿಲದ ಶೆಲ್ಲಿನ ಗೋಡೆ ತುಕ್ಕಿಗೆ ತೂತಾದರೆ ಒಳಗಿನ ವಿಷ ಜಿನುಗುತ್ತದೆ. ತಾಗಿದ ಕೂಡಲೇ ನೋವಿಲ್ಲ, ಗಂಟೆಗಳ ನಂತರ ಬೊಬ್ಬೆ ಏಳುತ್ತವೆ. ಜರ್ಮನಿಯ ಬಾಲ್ಟಿಕ್ ತೀರದಲ್ಲಿ ಎರಡನೇ ಮಹಾಯುದ್ಧದ ಬಿಳಿ ರಂಜಕದ ತುಂಡನ್ನು ಅಂಬರ್ ಎಂದು ಭ್ರಮಿಸಿ ಜೇಬಿಗಿಟ್ಟು ಸುಟ್ಟುಕೊಂಡವರಿದ್ದಾರೆ. ಒದ್ದೆಯಿರುವ ತನಕ ಸುಮ್ಮನಿರುವ ರಂಜಕ, ಒಣಗಿ ಮೈಶಾಖ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. 2014ರ ಮಾರ್ಚಿನಲ್ಲಿ ಈಪ್ರದ ಕಟ್ಟಡ ಕಾಮಗಾರಿಯೊಂದರಲ್ಲಿ ಮೊದಲ ಮಹಾಯುದ್ಧದ ಶೆಲ್ ಸಿಡಿದು ಇಬ್ಬರು ಕೆಲಸಗಾರರು ಸತ್ತರು.

ನಮ್ಮ ನೆಲದ ನಂಟು

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಲೋಹದ ರಾಕೆಟ್‌ಗಳು ಹೊರಬಂದವು. ಬಾವಿಯ ಮಣ್ಣಿಗೆ ಇನ್ನೂ ಮದ್ದಿನ ವಾಸನೆಯಿತ್ತು. ಪುರಾತತ್ವ ಇಲಾಖೆಯವರು ಕ್ರಮವಾಗಿ ತೆಗೆದದ್ದರಿಂದ ಆ ರಾಕೆಟ್‌ಗಳು ಚರಿತ್ರೆಗೆ ಸಾಕ್ಷಿಯಾಗಿ ಉಳಿದಿವೆ. ನಿಧಿಯಾಸೆಗೆ ಕೋಟೆ ಕೊತ್ತಲ ಅಗೆಯುವವರ ಕೈಗೆ ಸಿಕ್ಕಿದ್ದರೆ ಚರಿತ್ರೆಯೂ ಹೋಗುತ್ತಿತ್ತು, ಜೀವಕ್ಕೂ ಅಪಾಯವಿತ್ತು. ಸಂರಕ್ಷಿತ ಸ್ಮಾರಕಗಳಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದು 1958ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಇನ್ನೊಂದು ನಂಟು ಬೆಂಗಳೂರಿನದು. ಇಲ್ಲಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ರೂಪಿಸಿದ ‘ಬ್ಯಾಂಗಲೋರ್ ಟಾರ್ಪಿಡೊ’ ಎಂದರೆ ಸಿಡಿಮದ್ದು ತುಂಬಿದ ಉದ್ದನೆಯ ಕೊಳವೆ. ಮುಳ್ಳುತಂತಿಯ ಬೇಲಿಯಡಿ ತೂರಿಸಿ ಸಿಡಿಸಿ ಸೈನಿಕರಿಗೆ ದಾರಿ ಮಾಡುವುದು ಅದರ ಕೆಲಸ. ಎರಡೂ ಮಹಾಯುದ್ಧಗಳಲ್ಲಿ ಬಳಕೆಯಾದ ಇದು ಮಣ್ಣಿನಡಿ ಸಿಕ್ಕರೆ ನೀರಿನ ಹಳೆಯ ಪೈಪಿನಂತೆಯೇ ಕಾಣುತ್ತದೆ. ಮದ್ದುಗುಂಡು ಎಂದರೆ ಚಿತ್ರಗಳಲ್ಲಿ ಕಾಣುವ ಚೂಪುಮೂತಿಯದ್ದೇ ಆಗಿರಬೇಕಿಲ್ಲ.

ಸಿಕ್ಕರೆ ಏನು ಮಾಡಬೇಕು?

ಅಮೆರಿಕದಲ್ಲಿ ಇದಕ್ಕೆ ಮೂರೇ ಮಾತಿನ ಪಾಠವಿದೆ: ಗುರುತಿಸಿ, ಹಿಂದೆ ಸರಿಯಿರಿ, ತಿಳಿಸಿ.

ಅನುಮಾನ ಬಂದ ಕ್ಷಣವೇ ಅಗೆಯುವುದನ್ನು ನಿಲ್ಲಿಸಬೇಕು. ಎತ್ತಬಾರದು, ಉರುಳಿಸಬಾರದು, ತೊಳೆಯಬಾರದು, ಮತ್ತೆ ಮಣ್ಣು ಮುಚ್ಚಲೂ ಬಾರದು. ಬಂದ ದಾರಿಯಲ್ಲೇ ಹಿಂತಿರುಗಿ, ದೂರದಲ್ಲಿ ಕಾಣುವಂಥ ಗುರುತು ಮಾಡಿ, ಜನರನ್ನು, ಅದರಲ್ಲೂ ಮಕ್ಕಳನ್ನು, ಹತ್ತಿರ ಬಿಡಬಾರದು. ಫೋನ್ ಮಾಡುವುದೂ ದೂರ ಬಂದ ಮೇಲೆಯೇ. ಯುರೋಪಿನಲ್ಲೂ ನಮ್ಮಲ್ಲೂ ತುರ್ತು ಸಂಖ್ಯೆ 112. ಎಲ್ಲಿ ಸಿಕ್ಕಿತು, ಎಷ್ಟು ಉದ್ದವಿದೆ, ಏನಾದರೂ ಜಿನುಗುತ್ತಿದೆಯೇ, ಘಾಟು ಬರುತ್ತಿದೆಯೇ ಎಂಬಷ್ಟು ಹೇಳಿದರೆ ಸಾಕು; ಮುಂದಿನದು ಬಾಂಬ್ ನಿಷ್ಕ್ರಿಯ ದಳದವರ ಕೆಲಸ. ಒಂಟಿ ತೋಟಾ ಸಿಕ್ಕರೂ ಮನೆಗೆ ತರುವುದು, ತೆರೆದು ನೋಡುವುದು, ಬೆಂಕಿಗೆ ಹಾಕುವುದು ಬೇಡ. ಈಪ್ರದ ರೈತರು ಶೆಲ್ಲನ್ನು ಹೊಲದಂಚಿಗೆ ಹೊತ್ತು ತರುವುದು ಅವರ ನಿತ್ಯದ ಅನಿವಾರ್ಯ. ಅದನ್ನು ಮಾದರಿಯೆಂದು ಯಾರೂ ತಿಳಿಯಬಾರದು.

‘ನನಗೆ ಇದರಲ್ಲಿ ಅನುಭವವಿದೆ’ ಎನ್ನುವವರಿಗೆ ಅಮೆರಿಕದ ವರ್ಜೀನಿಯಾದಲ್ಲಿ 2008ರಲ್ಲಿ ನಡೆದದ್ದನ್ನು ಹೇಳಬೇಕು. ಅಂತರ್ಯುದ್ಧ ಕಾಲದ ಶೆಲ್‌ಗಳನ್ನು ವರ್ಷಗಟ್ಟಲೆ ಶುಚಿಗೊಳಿಸಿ ಪಳಗಿದ್ದ ಸಂಗ್ರಾಹಕರೊಬ್ಬರು ತಮ್ಮ ಮನೆಯಂಗಳದಲ್ಲಿ ನೌಕಾಪಡೆಯ ಗುಂಡೊಂದು ಸಿಡಿದು ಸತ್ತರು. ಅದರೊಳಗಿದ್ದ ಮದ್ದಿಗೆ ಆಗ 140 ವರ್ಷ ದಾಟಿತ್ತು. ಸಿಡಿದ ಚೂರೊಂದು ಸುಮಾರು 400 ಮೀಟರ್ ದೂರದ ಇನ್ನೊಂದು ಮನೆಗೆ ಹೋಗಿ ಬಿತ್ತು. ಆ ಮನೆಯವರು ಶೆಲ್ ಹುಡುಕಲು ಹೋದವರಲ್ಲ, ಮುಟ್ಟಿದವರೂ ಅಲ್ಲ. ಹಳೆಯ ಮದ್ದುಗುಂಡನ್ನು ಕೈಗೆತ್ತಿಕೊಳ್ಳುವವನು ಪಣಕ್ಕಿಡುವುದು ತನ್ನ ಜೀವವನ್ನಷ್ಟೇ ಅಲ್ಲ. ಅಕ್ಕಪಕ್ಕದವರ ಜೀವವನ್ನು ಹಾಗೆ ಪಣಕ್ಕಿಡುವ ಹಕ್ಕು ಯಾವ ಹವ್ಯಾಸಕ್ಕೂ ಇಲ್ಲ.